ನೋಟು ಮುರಿದರೆ ಚಿಲ್ಲರೆ, ಪ್ರೋಟಾನ್ ಮುರಿದರೆ?

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನಕ್ಕೆ ಒಂದು ಪುಕ್ಕಟೆ ಸುಖ ಉಂಟು. ತಣ್ಣನೆಯ ಫರ್ಸಿಯ ಮೇಲೆ ಬರಿ ಮೈಯಲ್ಲಿ ಮಲಗುವುದು. ಮಕ್ಕಳೇ, ಈ ಸಲ ಹಾಗೆ ಮಲಗಿದಾಗ ಅಂಗೈ ಬಿಚ್ಚಿ ಮೇಲಕ್ಕೆ ಹಿಡಿಯಿರಿ. ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ. ಒಂದೊಂದು ಎಣಿಕೆಗೂ ಸುಮಾರು ಒಂದು ಕಣ ನಿಮ್ಮ ಅಂಗೈಯನ್ನು ತೂರಿಕೊಂಡು, ಕೆಳಗಿನ ಫರ್ಸಿಯನ್ನೂ ತೂರಿಕೊಂಡು ನೆಲದೊಳಗೆ ಇಳಿದು ಹೋಗುತ್ತದೆ. ನೋವಿಲ್ಲ, ಗುರುತಿಲ್ಲ. ಮುತ್ಯಾ ಕೈ ಚಾಚಿದರೂ ಅಷ್ಟೇ.

ಈ ಕಣದ ಹೆಸರು ಮ್ಯೂಆನ್. ಆಕಾಶದ ಆಚೆಯಿಂದ ಬರುವ ವಿಶ್ವಕಿರಣಗಳು ನಮ್ಮ ಗಾಳಿಗೆ ಬಡಿದಾಗ, ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಇದು ಹುಟ್ಟುತ್ತದೆ. ಇದರ ಆಯುಷ್ಯ ಮಾತ್ರ ಬಹಳ ಕಡಿಮೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಎರಡು ಚೂರು, ಇನ್ನೂ ಸ್ವಲ್ಪ. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ 660 ಮೀಟರ್ ದಾಟಲಾರದು. ಹಾಗಿದ್ದರೆ ಹದಿನೈದು ಕಿಲೋಮೀಟರ್ ಇಳಿದು ನಮ್ಮ ಅಂಗೈಗೆ ಅದು ಬಂದದ್ದಾದರೂ ಹೇಗೆ? ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಓಡುವ ಕಣದ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರಲ್ಲ, ಅದರ ಪುರಾವೆ ನಮ್ಮ ಅಂಗಳದಲ್ಲೇ ಸುರಿಯುತ್ತಿದೆ.

ಆಯುಷ್ಯ ತೀರಿದ ಮ್ಯೂಆನ್ ಒಂದು ಎಲೆಕ್ಟ್ರಾನ್ ಮತ್ತು ಎರಡು ನ್ಯೂಟ್ರಿನೋಗಳಾಗಿ ಮಾರ್ಪಡುತ್ತದೆ. ಇದನ್ನು ಕಣದ ಕ್ಷಯ ಎನ್ನುತ್ತಾರೆ. ಇಲ್ಲೊಂದು ತಪ್ಪು ಕಲ್ಪನೆ ಬೇಡ. ತೆಂಗಿನಕಾಯಿ ಒಡೆದರೆ ಒಳಗಿದ್ದ ಕೊಬ್ಬರಿಯೇ ಹೊರಗೆ ಕಾಣುತ್ತದೆ. ಕಣದ ಕ್ಷಯ ಹಾಗಲ್ಲ, ಮ್ಯೂಆನಿನ ಹೊಟ್ಟೆಯಲ್ಲಿ ಎಲೆಕ್ಟ್ರಾನ್ ಕೂತಿರಲಿಲ್ಲ. ನೂರರ ನೋಟು ಮುರಿಸಿದಂತೆ ಅದು. ನೋಟಿನೊಳಗೆ ನಾಣ್ಯ ಇರುವುದಿಲ್ಲ, ಆದರೂ ಕಿರಾಣಿ ಅಂಗಡಿಯವರು ಕೊಟ್ಟ ಚಿಲ್ಲರೆ ಕೂಡಿಸಿದರೆ ಸರಿಯಾಗಿ ನೂರು ಆಗಬೇಕು.

ಲೆಕ್ಕ ಕಡಿಮೆ ಬಿದ್ದರೆ ಯಾವುದೋ ನಾಣ್ಯ ಮಂಚದ ಕೆಳಗೆ ಉರುಳಿದೆ ಎಂದೇ ಅರ್ಥ. 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಹೀಗೆಯೇ ಯೋಚಿಸಿದರು. ಒಂದು ಬಗೆಯ ಪರಮಾಣು ಕ್ಷಯದಲ್ಲಿ ಶಕ್ತಿಯ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಕಣ್ಣಿಗೆ ಬೀಳದ ಕಣವೊಂದು ಶಕ್ತಿಯ ಒಂದು ಪಾಲು ಹೊತ್ತು ಹೋಗುತ್ತಿರಬೇಕು ಎಂದರು. ಅದೇ ನ್ಯೂಟ್ರಿನೋ.

ಜಿನೀವಾ ಹತ್ತಿರದ ಸೆರ್ನ್ ಪ್ರಯೋಗಾಲಯದಲ್ಲಿ ನಡೆಯುವುದೂ ಇದೇ ಚಿಲ್ಲರೆ ಲೆಕ್ಕ. ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಉಂಗುರದಲ್ಲಿ ಪ್ರೋಟಾನ್‌ಗಳ ಗುಂಪುಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರುಬದುರಾಗುತ್ತವೆ. ಇಟ್ಟುಕೊಳ್ಳುವುದು ಅದರಲ್ಲಿ ಸಾವಿರದಷ್ಟನ್ನು ಮಾತ್ರ. ಮನೆಯಲ್ಲಿ ಅಜ್ಜಿ ತೊಗರಿ ಹಸನು ಮಾಡುವುದನ್ನು ನೋಡಿದ್ದೀರಿ, ಇದು ಅದೇ ಕೆಲಸ, ಆದರೆ ಮರ ಹಿಡಿಯುವುದು ಕಂಪ್ಯೂಟರ್. 2012ರ ಜುಲೈ 4ರಂದು ಹಿಗ್ಸ್ ಕಣ ಸಿಕ್ಕಿತೆಂದು ಸಾರಿದರಲ್ಲ, ಆ ಕಣವನ್ನು ಯಾರೂ ಕಣ್ಣಾರೆ ನೋಡಲಿಲ್ಲ. ಅದು ಹುಟ್ಟಿದೊಡನೆ ಕ್ಷಯಿಸಿತ್ತು. ಎರಡು ಬೆಳಕಿನ ಕಣಗಳಂಥ ಚಿಲ್ಲರೆಯನ್ನು ಹೆಕ್ಕಿ, ಕೂಡಿಸಿ, ನೋಟು ಎಷ್ಟರದ್ದು ಎಂದು ಹೇಳಿದರು. ಬಿ-ಎಸ್ ಎಂಬ ಇನ್ನೊಂದು ಕಣ ಎರಡು ಮ್ಯೂಆನ್‌ಗಳಾಗಿ ಮುರಿಯುವುದು ನೂರು ಕೋಟಿಗೆ ಮೂರು ಸಲ! ಅದನ್ನೂ ಹಿಡಿದಿದ್ದಾರೆ. ಅದನ್ನು ಹಿಡಿದ ಯಂತ್ರಗಳಲ್ಲಿ ಸಿಎಂಎಸ್ ಒಂದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಅದರ ಒಂದು ಭಾಗ ಕಟ್ಟಲು ಕೈ ಜೋಡಿಸಿದ್ದರು.

ಅದೇ ಟಾಟಾ ಸಂಸ್ಥೆ ಅದಕ್ಕೂ ಬಹಳ ಮೊದಲು ನಮ್ಮ ಕರ್ನಾಟಕದಲ್ಲೇ ಇನ್ನೊಂದು ಕೆಲಸಕ್ಕೆ ಕೈ ಹಾಕಿತ್ತು. ನನಗೆ ಹೆಚ್ಚು ಇಷ್ಟವಾದ ಕಥೆ ಅದೇ. ಅಲ್ಲಿ ಡಿಕ್ಕಿ ಹೊಡೆಸುವ ಯಂತ್ರವೇ ಇರಲಿಲ್ಲ. ಇದ್ದದ್ದು ಕಬ್ಬಿಣ, ಕತ್ತಲೆ ಮತ್ತು ತಾಳ್ಮೆ.

ಬೆಂಗಳೂರು ದಾಟಿ, ಬಂಗಾರಪೇಟೆಯಲ್ಲಿ ರೈಲು ಬದಲಿಸಿದರೆ ಕೋಲಾರ ಚಿನ್ನದ ಗಣಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳ. ನಮ್ಮ ಫರ್ಸಿ ಖಣಿಗಳು ಆಕಾಶಕ್ಕೆ ತೆರೆದಿರುತ್ತವೆ, ಹಾಗಾಗಿ ಅಲ್ಲೂ ಮ್ಯೂಆನ್ ಮಳೆ ತಪ್ಪದು. ಕೋಲಾರದಲ್ಲಾದರೋ ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ. ಬಂಡೆಯೇ ಜರಡಿ. 1951ರಲ್ಲಿ ಹೋಮಿ ಭಾಭಾ ಅವರ ಮಾತಿನಂತೆ ಬಿ. ವಿ. ಶ್ರೀಕಂಠನ್ ಎಂಬ ತರುಣ ಎಣಿಕೆ ಯಂತ್ರಗಳೊಂದಿಗೆ ಆ ಗಣಿಗೆ ಇಳಿದರು. ನಂಜನಗೂಡು ಸೀಮೆಯ ಕನ್ನಡಿಗರು ಅವರು, ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. ಆಳ ಹೆಚ್ಚಿದಂತೆ ಮ್ಯೂಆನ್ ಕಡಿಮೆಯಾಗುತ್ತಾ ಹೋಯಿತು. ಮುಂದೆ 1960ರ ದಶಕದಲ್ಲಿ ತೀರ ಆಳದ ಒಂದು ಜಾಗದಲ್ಲಿ ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ.

ಒಂದೂ ಬರಲಿಲ್ಲ ಎಂದರೆ ಪ್ರಯೋಗ ಸೋತಿತು ಎಂದು ಯಾರಾದರೂ ಅಂದುಕೊಳ್ಳಬಹುದು. ಅವರು ಖುಷಿಪಟ್ಟರು. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸುವುದಿಲ್ಲ, ಇಂಥ ನಿಶ್ಶಬ್ದದಲ್ಲಿ ಕೇಳಿಸೀತು. ಭಾರತ, ಜಪಾನ್, ಇಂಗ್ಲೆಂಡಿನವರು ಸೇರಿ 2.3 ಕಿಲೋಮೀಟರ್ ಆಳದಲ್ಲಿ ಯಂತ್ರ ಹೂಡಿದರು. 1965ರಲ್ಲಿ ಆ ಪಿಸುಮಾತು ಕೇಳಿಸಿತು. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೋ ಬಂಡೆಗೆ ತಗುಲಿ ಎಬ್ಬಿಸಿದ ಗುರುತು! ಅವರ ಬರಹ ಆಗಸ್ಟ್ 15ರ ಸಂಚಿಕೆಯಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದನ್ನೇ ಹುಡುಕುತ್ತಿದ್ದವರ ಬರಹ ಅದೇ ತಿಂಗಳು ಸ್ವಲ್ಪ ತಡವಾಗಿ ಬಂತು.

ಆಮೇಲೆ ಬಂತು ದೊಡ್ಡ ಪ್ರಶ್ನೆ. ಮ್ಯೂಆನ್ ಕ್ಷಯಿಸುತ್ತದೆ, ಸರಿ. ಪ್ರೋಟಾನ್? ಫರ್ಸಿ, ಸಿಮೆಂಟು, ತೊಗರಿ, ನಾವು, ನೀವು ಎಲ್ಲದರಲ್ಲೂ ಇರುವ ಪ್ರೋಟಾನ್ ಕೂಡ ಒಂದು ದಿನ ಮುರಿಯುತ್ತದೆಯೇ? 1970ರ ದಶಕದ ಸಿದ್ಧಾಂತಗಳು ಹೌದು ಎಂದವು. ಆದರೆ ಆಯುಷ್ಯ ಒಂದರ ಮುಂದೆ ಮೂವತ್ತು ಸೊನ್ನೆ ಹಾಕಿದಷ್ಟು ವರ್ಷ, ಅಥವಾ ಅದರ ಆಸುಪಾಸು. ವಿಶ್ವಕ್ಕೇ ಈಗ 1380 ಕೋಟಿ ವರ್ಷ. ಯಾರು ಕಾಯಬೇಕು?

ಕಾಯುವುದಕ್ಕೆ ಒಂದು ಉಪಾಯ ಉಂಟು. ಒಂದು ಬೇವಿನ ಮರ ಒಣಗುವುದನ್ನು ನೋಡಲು ಮುತ್ಯಾನ ಆಯುಷ್ಯವೂ ಸಾಲದು. ಇಡೀ ಸೇಡಂ ತಾಲ್ಲೂಕಿನ ಬೇವಿನ ಮರಗಳ ಮೇಲೆ ಕಣ್ಣಿಟ್ಟರೆ ಈ ವರ್ಷವೇ ಕೆಲವು ಒಣಗುವುದು ಕಂಡೀತು. ಹಾಗೆಯೇ ಪ್ರೋಟಾನ್‌ಗಳನ್ನು ಕೂಡಿಹಾಕಬೇಕು. 1980ರ ಕೊನೆಯ ಹೊತ್ತಿಗೆ ಭಾರತ, ಜಪಾನ್ ವಿಜ್ಞಾನಿಗಳು ಕೋಲಾರ ಗಣಿಯ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ಕಬ್ಬಿಣ ಪೇರಿಸಿದರು. ನಮ್ಮ ಖಣಿಯ ಕಲ್ಲಿನಂತೆಯೇ ಪದರ ಪದರ. ನಡುನಡುವೆ ಅನಿಲ ತುಂಬಿದ ಉದ್ದನೆಯ ಚೌಕ ಕೊಳವೆಗಳು, ಒಟ್ಟು 34 ಸಾಲು. ವಿದ್ಯುತ್ ಕಣ ಹಾದರೆ ಕೊಳವೆ ಸುಳಿವು ಕೊಡುತ್ತದೆ. ಪ್ರತಿ ತಗಡೂ ಗಣಿಯ ತೊಟ್ಟಿಲಲ್ಲೇ ಇಳಿಯಬೇಕು. ಕೆಳಗೆ ಸೆಕೆ, ಆಗಾಗ ಬಂಡೆ ಸಿಡಿಯುವ ಭಯ. ಅಲ್ಲಿ ದಿನಾ ಇಳಿದು ದುಡಿದ ಗಣಿ ಕೆಲಸಗಾರರಿಲ್ಲದೆ ಈ ವಿಜ್ಞಾನ ನಡೆಯುತ್ತಿರಲಿಲ್ಲ.

140 ಟನ್ ಕಬ್ಬಿಣದಲ್ಲಿ ಪ್ರೋಟಾನು, ನ್ಯೂಟ್ರಾನು ಕೂಡಿ ಎಂಟರ ಮುಂದೆ 31 ಸೊನ್ನೆಯಷ್ಟು. ಆಯುಷ್ಯ ಒಂದರ ಮುಂದೆ 31 ಸೊನ್ನೆ ವರ್ಷವಾದರೆ ವರ್ಷಕ್ಕೆ ಎಂಟು ಕ್ಷಯ. ಲೆಕ್ಕ ನೀವೇ ಮಾಡಿ ನೋಡಿ.

ಕೆಲವೇ ದಿನಗಳಲ್ಲಿ ಅಲ್ಲ, ಕೆಲವು ತಿಂಗಳುಗಳಲ್ಲಿ, ಯಂತ್ರದ ಒಳಗೇ ಶುರುವಾಗಿ ಒಳಗೇ ಮುಗಿಯುವ ಬೆರಳೆಣಿಕೆಯ ಗುರುತುಗಳು ಸಿಕ್ಕವು. ಪ್ರೋಟಾನ್ ಮುರಿದಿರಬಹುದು ಎಂದು ಅವರು ಪ್ರಕಟಿಸಿದರು. ಜಗತ್ತಿನ ಭೌತವಿಜ್ಞಾನಿಗಳೆಲ್ಲ ಕೋಲಾರದ ಕಡೆ ತಿರುಗಿದರು. ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿ, ಜಪಾನಿನ ಕಾಮಿಯೋಕ ಗಣಿಯಲ್ಲಿ ಸಾವಿರಾರು ಟನ್ ನೀರು ತುಂಬಿದ ತೊಟ್ಟಿಗಳು ಎದ್ದವು. ಅಲ್ಲಿ ಪ್ರೋಟಾನ್ ಮುರಿದ ಗುರುತು ಸಿಗಲಿಲ್ಲ. ಕೋಲಾರದ ಮಾತು ನಿಲ್ಲಲಿಲ್ಲ. ಇಂಥ ಹುಡುಕಾಟದಲ್ಲಿ ಮೋಸ ಮಾಡುವ ಕಣ ಯಾವುದು ಗೊತ್ತೇ? 1965ರಲ್ಲಿ ಅದೇ ಗಣಿಯಲ್ಲಿ ಹಿಡಿದ ನ್ಯೂಟ್ರಿನೋ! ಅದಕ್ಕೆ ಯಾವ ಬಂಡೆಯೂ ಅಡ್ಡಿಯಲ್ಲ. ಕಬ್ಬಿಣದೊಳಗೆ ಬಂದು ತಗುಲಿ, ಪ್ರೋಟಾನ್ ಮುರಿದಂತೆಯೇ ಕಾಣುವ ಗುರುತು ಬಿಡಬಲ್ಲದು.

ಕಾಮಿಯೋಕದವರಿಗೂ ಬೇಕಾದದ್ದು ಸಿಗಲಿಲ್ಲ ಎಂದೆನಲ್ಲ, ಆದರೆ 1987ರಲ್ಲಿ ದೂರದ ನಕ್ಷತ್ರವೊಂದು ಸಿಡಿದಾಗ ಅದರ ನ್ಯೂಟ್ರಿನೋಗಳು ಅವರ ತೊಟ್ಟಿಗೆ ಬಿದ್ದವು. ಅದಕ್ಕಾಗಿ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ಕೋಲಾರದ ಪ್ರಯೋಗ 1990ರ ದಶಕದ ಮೊದಲ ವರ್ಷಗಳಲ್ಲಿ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಆಳದ ಸುರಂಗಗಳಲ್ಲಿ ಈಗ ನೀರು.

ಹುಡುಕಾಟ ನಿಂತಿಲ್ಲ. ಕಾಮಿಯೋಕದಲ್ಲಿ ಈಗ 50,000 ಟನ್ ನೀರಿನ ತೊಟ್ಟಿ ಇದೆ, ಅದಕ್ಕೂ ದೊಡ್ಡದು ಸಿದ್ಧವಾಗುತ್ತಿದೆ. ಇವತ್ತಿನವರೆಗೆ ಒಂದು ಪ್ರೋಟಾನೂ ಮುರಿದದ್ದು ಖಚಿತವಾಗಿಲ್ಲ. ಮುರಿಯುವುದೇ ಆದರೆ, ಅವರು ಮುಖ್ಯವಾಗಿ ಹುಡುಕಿದ ಬಗೆಯಲ್ಲಿ, ಆಯುಷ್ಯ ಒಂದರ ಮುಂದೆ 34 ಸೊನ್ನೆ ವರ್ಷಕ್ಕಿಂತ ಹೆಚ್ಚು ಎಂದು ತಿಳಿದಿದೆ.

ಈ ಸಂಖ್ಯೆಗೆ ಹೆಸರೇನು? ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲ. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಏಕ, ದಶ, ಶತದಿಂದ ಹಿಡಿದು 24 ಸ್ಥಾನಗಳಿಗೆ ಹೆಸರಿಟ್ಟರು. ಕೊನೆಯದು ಮಹಾಕ್ಷೋಭ, ಒಂದರ ಮುಂದೆ 23 ಸೊನ್ನೆ. ಪ್ರೋಟಾನಿನ ಆಯುಷ್ಯ ಮುಟ್ಟಲು ಇನ್ನೂ ಹನ್ನೊಂದು ಹೆಸರು ಬೇಕು. ಮುತ್ಯಾನ ಜೊತೆ ಕೂತು ಇಟ್ಟು ನೋಡಿ.