ಸೀಸ ಕಟ್ಟಿದ ಊರು ಗೆಲೀನಾ

ರಸಾಯನಶಾಸ್ತ್ರ ಓದಿದ ವಿದ್ಯಾರ್ಥಿಗಳಿಗೆ ‘ಗೆಲೀನಾ’ ಎಂಬ ಹೆಸರು ಗೊತ್ತು. ಅದು ಸೀಸದ ಅದಿರು. ಅದೇ ಹೆಸರಿನ ಪುಟ್ಟ ಊರೊಂದು ಅಮೆರಿಕದ ಇಲಿನಾಯ್ ರಾಜ್ಯದ ವಾಯವ್ಯ ಮೂಲೆಯಲ್ಲಿದೆ. 2020ರ ಜನಗಣತಿಯಂತೆ ಅಲ್ಲಿರುವವರು ಸುಮಾರು 3,300 ಮಂದಿ. ನಮ್ಮ ಲೆಕ್ಕದಲ್ಲಿ ಅದೊಂದು ದೊಡ್ಡ ಹಳ್ಳಿ. ಅವರ ಲೆಕ್ಕದಲ್ಲಿ ನಗರ!

ಗುಡ್ಡದ ಇಳಿಜಾರಿನಲ್ಲಿ ಸಾಲುಸಾಲು ಇಟ್ಟಿಗೆ ಮನೆಗಳು, ಕೆಳಗೆ ಬಿಲ್ಲಿನಂತೆ ಬಾಗಿದ ಮುಖ್ಯಬೀದಿ, ಪಕ್ಕದಲ್ಲೇ ಗೆಲೀನಾ ನದಿ. ಊರಿನ ಬಹುಪಾಲು ಕಟ್ಟಡಗಳು 19ನೇ ಶತಮಾನದವು. 1855ರಲ್ಲಿ ತೆರೆದ ‘ಡಿಸೋಟೊ ಹೌಸ್’ ಹೋಟೆಲು ಇಂದಿಗೂ ಅತಿಥಿಗಳನ್ನು ಸ್ವಾಗತಿಸುತ್ತಿದೆ.

ಇಲ್ಲಿನ ಒಂದು ಮನೆಯ ಕತೆಯನ್ನು ಮಕ್ಕಳ ಫಲಿತಾಂಶ ನೋಡಿ ಎದೆಗುಂದುವ ತಂದೆತಾಯಿಗಳು ಕೇಳಬೇಕು. 1860ರಲ್ಲಿ ಯುಲಿಸಿಸ್ ಗ್ರಾಂಟ್ ಎಂಬಾತ ಹೆಂಡತಿ ಮಕ್ಕಳೊಂದಿಗೆ ಈ ಊರಿಗೆ ಬಂದ. ಸೈನ್ಯದ ಕೆಲಸ ಬಿಟ್ಟಿದ್ದ, ಬೇಸಾಯ ಕೈಹಿಡಿದಿರಲಿಲ್ಲ. 38ರ ವಯಸ್ಸಿನಲ್ಲಿ ಅಪ್ಪನ ಚರ್ಮದ ಅಂಗಡಿಯಲ್ಲಿ ಗುಮಾಸ್ತಿಕೆಗೆ ನಿಂತ. ಮರುವರ್ಷ ಅಂತರ್ಯುದ್ಧ ಆರಂಭವಾಯಿತು. 1865ರಲ್ಲಿ ಗ್ರಾಂಟ್ ವಿಜಯೀ ಸೇನಾಪತಿಯಾಗಿ ಮರಳಿದಾಗ ಊರಿನವರು ಒಂದು ಇಟ್ಟಿಗೆ ಮನೆಯನ್ನೇ ಉಡುಗೊರೆ ಕೊಟ್ಟರು. 1868ರ ಚುನಾವಣೆಯಲ್ಲಿ ಆತ ಅಮೆರಿಕದ ಅಧ್ಯಕ್ಷನಾಗಿ ಆಯ್ಕೆಯಾದ. ಆ ಮನೆ ಈಗ ವಸ್ತುಸಂಗ್ರಹಾಲಯ.

ಇಷ್ಟೊಂದು ಹಳೆಯ ಮನೆಗಳು ಉಳಿದದ್ದಾದರೂ ಹೇಗೆ? ಉತ್ತರ ಕೊಂಚ ವಿಚಿತ್ರ. ಮೂಲನಿವಾಸಿಗಳು ಮೊದಲೇ ಇಲ್ಲಿ ಸೀಸ ತೆಗೆಯುತ್ತಿದ್ದರು. 1820ರ ದಶಕದಿಂದ ಬಿಳಿಯರು ಗಣಿಗಳಿಗೆ ಮುಗಿಬಿದ್ದರು. 1840ರ ದಶಕದಲ್ಲಿ ಇಡೀ ದೇಶದ ಸೀಸದ ದೊಡ್ಡ ಪಾಲು ಈ ಸೀಮೆಯದೇ. ಮಿಸಿಸಿಪ್ಪಿಯಿಂದ ಉಗಿಹಡಗುಗಳು ಊರಿನ ತನಕ ಬರುತ್ತಿದ್ದವು. ವರ್ತಕರು ಕೈತುಂಬ ಗಳಿಸಿ ಭವ್ಯ ಮನೆಗಳನ್ನು ಕಟ್ಟಿಸಿದರು.

ಆದರೆ ಅದಿರು ಕರಗಿಸುವ ಕುಲುಮೆಗಳಿಗೆಂದು ಗುಡ್ಡದ ಮರಗಳನ್ನೆಲ್ಲ ಕಡಿದರು. ಬೋಳು ಗುಡ್ಡದ ಮಣ್ಣು ಮಳೆಗೆ ಕೊಚ್ಚಿಹೋಗಿ ನದಿಯಲ್ಲಿ ಹೂಳಾಯಿತು. ಹಡಗುಗಳಿಗೆ ದಾರಿ ತಪ್ಪಿತು. ಸರಕುಸಾಗಣೆ ರೈಲಿನ ಪಾಲಾಯಿತು. ಸೀಸದ ಉತ್ಪಾದನೆಯೂ ಇಳಿಯಿತು. ಜನ ಕೆಲಸ ಅರಸಿ ಊರು ಬಿಟ್ಟರು. ಉಳಿದವರ ಬಳಿ ಹಳೆಯದನ್ನು ಕೆಡವಿ ಹೊಸದು ಕಟ್ಟಲು ಹಣವಿರಲಿಲ್ಲ. ಹೀಗೆ ಬಡತನವೇ ಮನೆಗಳನ್ನು ಕಾಯಿತು! 1969ರಲ್ಲಿ ಊರಿನ ಹಳೆಯ ಭಾಗ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು.

ಇಂದು ಆ ಮನೆಗಳನ್ನು ನೋಡಲು ಬರುವ ಪ್ರವಾಸಿಗರೇ ಊರಿಗೆ ಆಧಾರ. ಮನೆಗಳೇನೋ ಉಳಿದವು. ಹಡಗು ತರುತ್ತಿದ್ದ ಆ ನದಿ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ.