ಬಣ್ಣದ ಪೆನ್ಸಿಲ್ಲಿನ ಐದು ವರ್ಷ

ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಹಾದುಹೋಗುತ್ತವೆ. ಕಣ್ಣಿಗೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಎಲ್ಲ ಕೂಡಿ ಒಂದೇ ಚಲನೆಯಾಗಿ ತೋರುತ್ತದೆ. ನಟರನ್ನು ಎದುರಿಗೆ ನಿಲ್ಲಿಸಿ ಚಿತ್ರೀಕರಿಸುವವರಿಗೆ ಈ ಲೆಕ್ಕದ ಗೊಡವೆಯಿಲ್ಲ. ಅದನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಆದರೆ ಕೈಯಲ್ಲಿ ಬರೆದ ಚಿತ್ರಗಳನ್ನು ಓಡಿಸಬೇಕೆನ್ನುವವರಿಗೆ ಇದೇ ಮೊದಲ ಲೆಕ್ಕ. ಒಂದೊಂದು ಚಿತ್ರವನ್ನು ಎರಡೆರಡು ಸಲ ತೆಗೆದು ಉಳಿತಾಯ ಮಾಡಿದರೂ ನಿಮಿಷಕ್ಕೆ 720 ಚಿತ್ರ ಬೇಕು. ಅರ್ಧ ಗಂಟೆಗೆ 21,600.

ಕೆನಡಾದ ಫ್ರೆಡರಿಕ್ ಬ್ಯಾಕ್ ಈ ಲೆಕ್ಕವನ್ನು ಬಹುಮಟ್ಟಿಗೆ ತಮ್ಮ ಕೈಯಿಂದಲೇ ತೀರಿಸಿದವರು. 1987ರಲ್ಲಿ ಹೊರಬಂದ ಅವರ 'ಮರ ನೆಟ್ಟ ಮನುಷ್ಯ' ಸುಮಾರು 30 ನಿಮಿಷದ ಚಿತ್ರ. ಅದಕ್ಕಾಗಿ ಸಿದ್ಧವಾದ ಚಿತ್ರಗಳು ಸುಮಾರು 20 ಸಾವಿರ. ಹಿಡಿದ ಕಾಲ ಐದು ವರ್ಷ. 1988ರಲ್ಲಿ ಆ ಚಿತ್ರ ಅತ್ಯುತ್ತಮ ಅನಿಮೇಷನ್ ಕಿರುಚಿತ್ರಕ್ಕೆ ನೀಡುವ ಆಸ್ಕರ್ ಪಡೆಯಿತು.

ಅರ್ಧ ಗಂಟೆಯ ಚಿತ್ರಕ್ಕೆ ಟಿಕೆಟ್ ಮಾರಲಾಗುವುದಿಲ್ಲ. ಹಾಗಿದ್ದ ಮೇಲೆ ಐದು ವರ್ಷದ ದುಡಿಮೆಗೆ ಸಂಬಳ ಕೊಡುವವರು ಯಾರು?

ಒಂದು ಕಾಲದಲ್ಲಿ ಹಾಲಿವುಡ್ಡೇ ಕೊಡುತ್ತಿತ್ತು. ಮುಖ್ಯ ಚಿತ್ರಕ್ಕೆ ಮುನ್ನ ಆರೇಳು ನಿಮಿಷದ ಕಾರ್ಟೂನ್ ತೋರಿಸುವುದು ಅಲ್ಲಿನ ಚಿತ್ರಮಂದಿರಗಳ ವಾಡಿಕೆಯಾಗಿತ್ತು. ಈ ವರ್ಗಕ್ಕೆ 1932ರಲ್ಲಿ ಆಸ್ಕರ್ ಆರಂಭವಾದಾಗ ಮೊದಲ ಬಹುಮಾನ ವಾಲ್ಟ್ ಡಿಸ್ನಿಗೆ ಹೋಯಿತು. ಮುಂದೆ ಟಾಮ್ ಅಂಡ್ ಜೆರ್ರಿ ಚಿತ್ರಗಳೇ ಏಳು ಆಸ್ಕರ್ ಗೆದ್ದವು. ಟೆಲಿವಿಷನ್ ಬಂದು ಜನ ಮನೆಯಲ್ಲೇ ಕುಳಿತಾಗ ಆ ವಾಡಿಕೆ ಕಳಚಿತು, ದೊಡ್ಡ ಸ್ಟುಡಿಯೋಗಳ ಕಿರುಚಿತ್ರ ವಿಭಾಗಗಳು ಒಂದೊಂದಾಗಿ ಬಾಗಿಲು ಹಾಕಿದವು. 1961ರ ಚಿತ್ರಗಳಿಗೆ ಪ್ರಶಸ್ತಿ ಕೊಟ್ಟಾಗ ಈ ವರ್ಗದಲ್ಲಿ ಮೊದಲ ಬಾರಿಗೆ ಅಮೆರಿಕದ ಹೊರಗಿನವರೊಬ್ಬರು ಗೆದ್ದರು. ಅವರು ಯುಗೊಸ್ಲಾವಿಯದ ದುಶಾನ್ ವುಕೊತಿಚ್. ಅಲ್ಲಿಂದಾಚೆಗೆ ಬಹುಮಾನದ ಪಟ್ಟಿಯಲ್ಲಿ ಸರ್ಕಾರದ ಅಥವಾ ಸಾರ್ವಜನಿಕ ಸಂಸ್ಥೆಗಳ ಸಂಬಳ ಪಡೆಯುತ್ತಿದ್ದ ಕಲಾವಿದರ ಹೆಸರುಗಳು ಹೆಚ್ಚತೊಡಗಿದವು.

ಬ್ಯಾಕ್ ಅಂಥವರಲ್ಲೊಬ್ಬರು. 1924ರಲ್ಲಿ ಯುರೋಪಿನ ಸಾರ್‌ಬ್ರೂಕನ್‌ನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಚಿತ್ರಕಲೆ ಕಲಿತು, 1948ರಲ್ಲಿ ಕೆನಡಾಕ್ಕೆ ಬಂದರು. 1952ರಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ರೇಡಿಯೋ ಕೆನಡಾ ಟೆಲಿವಿಷನ್ ಶುರುಮಾಡಿದಾಗ ನೌಕರಿಗೆ ಸೇರಿದರು. ಅನಿಮೇಷನ್ ವಿಭಾಗಕ್ಕೆ ಅವರು ಬಂದದ್ದು 1968ರಲ್ಲಿ, ನಲವತ್ತು ದಾಟಿದ ಮೇಲೆ.

1981ರ 'ಕ್ರ್ಯಾಕ್' ಅವರಿಗೆ ಮೊದಲ ಆಸ್ಕರ್ ತಂದಿತು. ಅದು ಒಂದು ತೂಗುಕುರ್ಚಿಯ ಕಥೆ. ಕ್ವಿಬೆಕ್ ಪ್ರಾಂತ್ಯದ ಹಳ್ಳಿಗನೊಬ್ಬ ಮರ ಕಡಿದು ತನ್ನ ಮನೆಗೆ ಕುರ್ಚಿ ಮಾಡುತ್ತಾನೆ. ಅದರ ಮೇಲೆ ಮಕ್ಕಳು ಬೆಳೆಯುತ್ತಾರೆ, ಮುದುಕರು ಆಗಿಹೋಗುತ್ತಾರೆ. ಕೊನೆಗೆ ಬೀದಿಗೆ ಬಿದ್ದ ಕುರ್ಚಿ ಆಧುನಿಕ ಕಲೆಯ ಮ್ಯೂಸಿಯಂ ಒಂದರ ಕಾವಲುಗಾರನ ಕೈಸೇರುತ್ತದೆ. ಗೋಡೆಯ ಮೇಲಿನ ಘನ ಕಲಾಕೃತಿಗಳನ್ನು ಬಿಟ್ಟು ಮಕ್ಕಳು ಈ ಕುರ್ಚಿಗೇ ಮುತ್ತಿಕೊಳ್ಳುತ್ತಾರೆ. ಹದಿನೈದು ನಿಮಿಷದಲ್ಲಿ ಒಂದು ಸಂಭಾಷಣೆಯೂ ಇಲ್ಲ. ಜನಪದ ಸಂಗೀತವೇ ಎಲ್ಲವನ್ನೂ ಹೇಳುತ್ತದೆ.

ಈ ಚಿತ್ರಕ್ಕೆ ಬ್ಯಾಕ್ ತೆತ್ತ ಬೆಲೆ ಸಣ್ಣದಲ್ಲ. ಅವರು ಬರೆಯುತ್ತಿದ್ದದ್ದು ನುಣುಪಾದ ಸೆಲ್ಯುಲಾಯ್ಡಿನ ಮೇಲಲ್ಲ, ಮಸುಕುಗಾಜಿನಂತೆ ತುಸು ಒರಟಾದ ಪಾರದರ್ಶಕ ಹಾಳೆಯ ಮೇಲೆ, ಬಣ್ಣದ ಪೆನ್ಸಿಲ್ಲಿನಿಂದ. ಗೆರೆಗಳಿಗೆ ಕಾಗದದ ಮೇಲಿನ ಮೃದುತ್ವ ಬರುತ್ತಿದ್ದುದು ಅದರಿಂದಲೇ. ಆದರೆ ಪೆನ್ಸಿಲ್ಲಿನ ಪುಡಿ ಅಳಿಸಿಹೋಗದಂತೆ ಪ್ರತಿ ಹಾಳೆಗೂ ರಾಸಾಯನಿಕ ದ್ರವ ಸಿಂಪಡಿಸಬೇಕು. 'ಕ್ರ್ಯಾಕ್' ಕೆಲಸ ನಡೆದಿದ್ದಾಗ ಆ ದ್ರವ ತಗುಲಿ ಬ್ಯಾಕ್ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. 'ಮರ ನೆಟ್ಟ ಮನುಷ್ಯ'ದ ಸಾವಿರಾರು ಚಿತ್ರಗಳನ್ನು ಅವರು ಬರೆದದ್ದು ಉಳಿದ ಇನ್ನೊಂದು ಕಣ್ಣಿನಿಂದ.

ಆ ಚಿತ್ರಕ್ಕೆ ಆಧಾರ ಫ್ರಾನ್ಸಿನ ಲೇಖಕ ಜ್ಯಾಂ ಜಿಯೊನೊ ಅವರ ಕಥೆ. ಬೋಳು ಗುಡ್ಡಗಾಡಿನಲ್ಲಿ ಒಂಟಿಯಾಗಿರುವ ಕುರಿಗಾಹಿಯೊಬ್ಬ ಪ್ರತಿ ರಾತ್ರಿ ಓಕ್ ಮರದ ನೂರು ಗಟ್ಟಿ ಬೀಜ ಆರಿಸಿಟ್ಟು, ಮರುದಿನ ಕಬ್ಬಿಣದ ಸರಳಿನಿಂದ ಕುಳಿ ತೋಡಿ ನೆಡುತ್ತಾನೆ. ಎರಡು ಮಹಾಯುದ್ಧಗಳು ಬಂದುಹೋಗುತ್ತವೆ; ಆತ ನೆಡುವುದನ್ನು ನಿಲ್ಲಿಸುವುದಿಲ್ಲ. ಕಾಡು ಬೆಳೆದು, ಬತ್ತಿದ ತೊರೆಗಳಲ್ಲಿ ನೀರು ಬಂದು, ಬಿಟ್ಟುಹೋದ ಹಳ್ಳಿಗಳಿಗೆ ಜನ ಮರಳುತ್ತಾರೆ. ಆ ಕುರಿಗಾಹಿ ನಿಜವಾಗಿ ಬದುಕಿದ್ದನೆಂದೇ ಎಷ್ಟೋ ಮಂದಿ ನಂಬಿದ್ದರು. ಅದು ತಮ್ಮ ಕಲ್ಪನೆಯೆಂದು ಜಿಯೊನೊ ಅವರೇ 1957ರಲ್ಲಿ ಪತ್ರ ಬರೆದು ತಿಳಿಸಬೇಕಾಯಿತು.

ಚಿತ್ರ ಶುರುವಾಗುವುದು ಬೂದು, ಕಂದು ಬಣ್ಣಗಳಲ್ಲಿ. ಕಾಡು ಬೆಳೆದಂತೆ ಹಸಿರು, ಹಳದಿ, ನೀಲಿ ಒಂದೊಂದಾಗಿ ಒಳಗೆ ಬರುತ್ತವೆ. ಎಲ್ಲಿಯೂ ದೃಶ್ಯ ತಟಕ್ಕನೆ ಕತ್ತರಿಸಿದಂತಿಲ್ಲ. ಒಂದು ಚಿತ್ರ ಕರಗಿ ಇನ್ನೊಂದಾಗುತ್ತದೆ, ಗಾಳಿ ಹುಲ್ಲಾಗುತ್ತದೆ, ಹುಲ್ಲು ಕುರಿಮಂದೆಯಾಗುತ್ತದೆ. ಇಂಗ್ಲಿಷ್ ಆವೃತ್ತಿಗೆ ದನಿ ಕೊಟ್ಟವರು 'ಸೌಂಡ್ ಆಫ್ ಮ್ಯೂಸಿಕ್'ನ ಕ್ಯಾಪ್ಟನ್ ಆಗಿ ನಮ್ಮವರಿಗೂ ಪರಿಚಿತರಾದ ಕ್ರಿಸ್ಟೊಫರ್ ಪ್ಲಮ್ಮರ್. ಬ್ಯಾಕ್ ಸ್ವತಃ ಸಾವಿರಾರು ಗಿಡ ನೆಟ್ಟವರು. 2013ರ ಡಿಸೆಂಬರಿನಲ್ಲಿ ತೀರಿಕೊಂಡರು.

ಭಾರತದಲ್ಲಿಯೂ ಈ ಕಲೆಗೆ ಮೊದಲು ನೆಲೆ ಕೊಟ್ಟದ್ದು ಸರ್ಕಾರಿ ಕಚೇರಿಯೇ. 1956ರಲ್ಲಿ ಡಿಸ್ನಿ ಸಂಸ್ಥೆಯ ಅನುಭವಿ ಕ್ಲೇರ್ ವೀಕ್ಸ್ ಮುಂಬೈಗೆ ಬಂದು ಫಿಲಂಸ್ ಡಿವಿಜನ್ನಿನ ಕಲಾವಿದರಿಗೆ ತರಬೇತಿ ನೀಡಿದರು. ದೂರದರ್ಶನದ ಕಾಲದಲ್ಲಿ ಹಿಂದಿ ಬಾರದ ಮಕ್ಕಳೂ ಗುನುಗುತ್ತಿದ್ದ 1974ರ 'ಏಕ್ ಅನೇಕ್ ಔರ್ ಏಕ್ತಾ' ಅದೇ ಸಂಸ್ಥೆಯದು. ನಿರ್ದೇಶನ ವಿಜಯಾ ಮುಳೆ ಅವರದು, ಅನಿಮೇಷನ್ ಭೀಮ್‌ಸೇನ್ ಅವರದು. ಗುಜರಾತಿನ ಇಷು ಪಟೇಲ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ಸೇರಿದರು. ಕಪ್ಪು ಹಿನ್ನೆಲೆಯ ಮೇಲೆ ಸಾವಿರಾರು ಮಣಿಗಳನ್ನು ಕೈಯಿಂದ ಸರಿಸುತ್ತಾ ಅವರು ಮಾಡಿದ 1977ರ 'ಬೀಡ್ ಗೇಮ್'ನಲ್ಲಿ ಒಂದು ಜೀವಿಯನ್ನು ಇನ್ನೊಂದು ನುಂಗುತ್ತಾ ಕಥೆ ಅಣುಬಾಂಬಿನವರೆಗೆ ಸಾಗುತ್ತದೆ. ಆ ಚಿತ್ರ ಆಸ್ಕರ್‌ಗೆ ನಾಮಕರಣಗೊಂಡಿತ್ತು.

ಹಾಗೆಂದು ಸರ್ಕಾರಿ ಸಂಬಳ ಎಲ್ಲರನ್ನೂ ಕೊನೆತನಕ ಕಾಯಲಿಲ್ಲ. ಮಾಸ್ಕೋದ ಯೂರಿ ನಾರ್ಸ್ಟೈನ್ ಸರ್ಕಾರಿ ಸ್ಟುಡಿಯೋ ಸೊಯುಜ್‌ಮುಲ್ಟ್‌ಫಿಲ್ಮ್‌ನಲ್ಲಿದ್ದವರು. ಪತ್ನಿ ಫ್ರಾಂಚೆಸ್ಕಾ ಯಾರ್ಬುಸೊವಾ ಬರೆದ ಚಿತ್ರಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟ ಗಾಜಿನ ಹಲಗೆಗಳ ಮೇಲೆ ಜೋಡಿಸಿ, ಕೂದಲೆಳೆಯಷ್ಟು ಸರಿಸಿ, ಒಂದೊಂದೇ ಫ್ರೇಮು ತೆಗೆಯುವುದು ಅವರ ವಿಧಾನ. 1975ರ 'ಮಂಜಿನಲ್ಲಿ ಮುಳ್ಳುಹಂದಿ' ಚಿತ್ರದಲ್ಲಿ ಮಂಜು ಮಂಜಿನಂತೆಯೇ ಕಾಣುತ್ತದೆ. 1979ರ 'ಕಥೆಗಳ ಕಥೆ' 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ಮತಗಣನೆಯಲ್ಲಿ ಸಾರ್ವಕಾಲಿಕ ಶ್ರೇಷ್ಠ ಅನಿಮೇಷನ್ ಚಿತ್ರವೆಂದು ಆಯ್ಕೆಯಾಯಿತು.

ಅದಾಗಿ ಒಂದೆರಡು ವರ್ಷದಲ್ಲಿ ಅದೇ ನಾರ್ಸ್ಟೈನ್ ಸ್ಟುಡಿಯೋದಿಂದ ಹೊರಬೀಳಬೇಕಾಯಿತು. ಕೆಲಸ ನಿಧಾನ ಎಂಬುದೇ ಕಾರಣ. ಜೊತೆಯವರು ಅವರಿಗಿಟ್ಟ ಅಡ್ಡಹೆಸರೂ 'ಚಿನ್ನದ ಬಸವನಹುಳು'. ಗೊಗೊಲ್‌ನ 'ಓವರ್‌ಕೋಟ್' ಕಥೆಯನ್ನು ಅವರು ಚಿತ್ರವಾಗಿಸಲು ಹೊರಟಿದ್ದು 1981ರಲ್ಲಿ. ಸೋವಿಯತ್ ಒಕ್ಕೂಟ ಒಡೆಯಿತು, ಹಣ ನಿಂತು ನಿಂತು ಬಂತು, ಜೊತೆಗಿದ್ದ ಛಾಯಾಗ್ರಾಹಕ ಅಲೆಕ್ಸಾಂಡರ್ ಜುಕೊವ್‌ಸ್ಕಿ 1999ರಲ್ಲಿ ತೀರಿಕೊಂಡರು. ನಲವತ್ತು ವರ್ಷ ಕಳೆದರೂ ಚಿತ್ರ ಪೂರ್ಣವಾಗಲಿಲ್ಲ. ಮುಗಿದ ಭಾಗವನ್ನು ಆಗೀಗ ಸಾರ್ವಜನಿಕರಿಗೆ ತೋರಿಸಿದ್ದುಂಟು. ಅದರಲ್ಲಿ ಬಡ ಗುಮಾಸ್ತ ಅಕಾಕಿ ಮೇಣದಬತ್ತಿಯ ಬೆಳಕಿನಲ್ಲಿ ಕಾಗದದ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ನಕಲು ಮಾಡುತ್ತಾ ಕುಳಿತಿದ್ದಾನೆ.