ಜೋಕರ್ ಬಂದರೆ ರಮ್ಮಿ ಗೆದ್ದಂತೆಯೇ? ಲೆಕ್ಕ ಹೇಳುವುದೇ ಬೇರೆ

ಕೈಗೆ ಜೋಕರ್ ಬಂತೆಂದರೆ ಆಟ ಮುಗಿದಂತೆ ಎಂದು ನಂಬುವವರು ಬಹಳ. ಇದು ನಿಜವೇ? ದೊಡವಾಡದ ಕಟ್ಟೆಯಾಗಲಿ, ಮೊಬೈಲ್ ಆಗಲಿ, ಲೆಕ್ಕ ಒಂದೇ.

ಎರಡು ಕಟ್ಟಿನ ರಮ್ಮಿಯಲ್ಲಿ ಎರಡು ಅಚ್ಚಿನ ಜೋಕರ್ ಸೇರಿ 106 ಎಲೆ. ಒಂದನ್ನು ತೆರೆದಿಟ್ಟು ಅದೇ ಅಂಕಿಯ ಎಲೆಗಳನ್ನೂ ಜೋಕರ್ ಮಾಡುತ್ತಾರೆ. ಉಳಿದ 105ರಲ್ಲಿ ಸಾಮಾನ್ಯವಾಗಿ 9 ಜೋಕರ್. 13 ಎಲೆ ಹಂಚಿದರೆ 100ಕ್ಕೆ ಸುಮಾರು 71 ಸಲ ಒಂದಾದರೂ ಜೋಕರ್ ಬರುತ್ತದೆ. ನಿಮಗಷ್ಟೇ ಅಲ್ಲ, ಎದುರಾಳಿಗೂ!

ಹಾಗಾದರೆ ಬಳಸುವುದು ಹೇಗೆ?

• ಮೊದಲು ಜೋಕರ್ ಇಲ್ಲದೆ ಒಂದು ಪ್ಯೂರ್ ಸೀಕ್ವೆನ್ಸ್ ಮಾಡಿ. ಅದಿಲ್ಲದೆ ಸೋತರೆ ಜೋಡಿಸಿಟ್ಟ ಎಲೆಗಳೂ ಲೆಕ್ಕಕ್ಕೆ ಬರುತ್ತವೆ, 80 ಪಾಯಿಂಟ್‌ವರೆಗೆ.

• ಎಕ್ಕ, ರಾಜ, ರಾಣಿ, ಗುಲಾಮ ತಲಾ 10 ಪಾಯಿಂಟ್. ಜೋಕರ್ ಸೊನ್ನೆ. ದೊಡ್ಡ ಎಲೆಗಳ ಜೋಡಣೆಗೇ ಅದನ್ನು ಹಚ್ಚಿ.

• ಎಸೆದ ಜೋಕರನ್ನು ಮುಂದಿನವರು ಎತ್ತುವಂತಿಲ್ಲ, ಮುಚ್ಚಿದ ಕಟ್ಟಿನಿಂದಲೇ ಎಳೆಯಬೇಕು. ಹೀಗೆ ಅವರಿಗೆ ಅಡ್ಡಗಾಲು ಹಾಕಬಹುದು. ಆದರೆ ಅಡ್ಡಿ ಒಂದೇ ಸರದಿಗೆ, ಜೋಕರ್ ಹೋದರೆ ಹೋಯಿತು. ಬೇರೆ ಉಪಯೋಗವಿಲ್ಲದಾಗ ಮಾತ್ರ ಎಸೆಯಿರಿ.

ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಅದನ್ನೇ ತೋರಿಸಿ, 'ಆ್ಯಪ್‌ನಲ್ಲಿ ದುಡ್ಡು ಕಟ್ಟಿ' ಎನ್ನುವ ಮೆಸೇಜ್ ಬಂದರೆ ನಂಬಬೇಡಿ. ಸಂಸತ್ತು 2025ರಲ್ಲಿ ಅಂಗೀಕರಿಸಿದ ಕಾನೂನು ಕೌಶಲವೋ ಅದೃಷ್ಟವೋ ನೋಡದೆ, ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ.

ಜೋಕರ್ ಗೆಲ್ಲಿಸುವುದಿಲ್ಲ, ಅದನ್ನು ಎಲ್ಲಿ ಇಡುತ್ತೀರಿ ಎಂಬುದು ಗೆಲ್ಲಿಸುತ್ತದೆ. ಫಾರ್ವರ್ಡ್ ಮಾಡುವ ಮುನ್ನ ಇದನ್ನೂ ಹೇಳಿ.